ಕೊಟ್ಟಿಗೆಯಲ್ಲಿ ಬತ್ತುವ ರಕ್ತ, ಬ್ಯಾಂಕಿನಲ್ಲಿ ಬೆಳೆಯುವ ಸಾಲ



ಹಾಲು ಕರೆಯೋಕೆ ಕೂತಾಗ ನಾವು ನೋಡೋದು ಕೆಚ್ಚಲು. ಡೈರಿಯಲ್ಲಿ ನೋಡೋದು ಫ್ಯಾಟು ಮತ್ತು ಡಿಗ್ರಿ. ಬ್ಯಾಂಕಿನಲ್ಲಿ ನೋಡೋದು ಕಂತು. ಆದರೆ ಹಸುವಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು, ಒಳಗಡೆ ಕೆಂಪಗಿದೆಯೋ ಬಿಳಿಚಿದೆಯೋ ಅಂತ ನೋಡುವವರು ಎಷ್ಟು ಜನ? ನಮ್ಮ ಎಷ್ಟೋ ಮನೆಗಳ ಸಾಲದ ಮೊದಲ ಬರಹ ಇರುವುದು ಆ ರೆಪ್ಪೆಯ ಒಳಗೆ. ಸೊಸೈಟಿಯ ಪುಸ್ತಕದಲ್ಲಿ ಅದು ಕಾಣಿಸಿಕೊಳ್ಳುವುದು ಆರು ತಿಂಗಳ ಮೇಲೆ.

ದನ, ಕುರಿ, ಮೇಕೆಗಳ ರಕ್ತಹೀನತೆಯ ಮಾತು ಇದು. ನಮ್ಮ ಹಳ್ಳಿಗಳಲ್ಲಿ ಯಾರೂ ಆ ಹೆಸರಿನಿಂದ ಅದನ್ನು ಕರೆಯುವುದಿಲ್ಲ. "ಹಸು ಯಾಕೋ ಮೇವು ತಿಂದ್ರೂ ಮೈ ಹತ್ತುತ್ತಿಲ್ಲ" ಅನ್ನುತ್ತೇವೆ. "ಕಡಸು ಬೆದೆಗೇ ಬರಲಿಲ್ಲ" ಅನ್ನುತ್ತೇವೆ. "ಕುರಿಗೆ ಗದ್ದದ ಕೆಳಗೆ ನೀರು ಇಳಿದಿದೆ" ಅನ್ನುತ್ತೇವೆ. ಏನೂ ತೋಚದಿದ್ದರೆ "ಯಾರದೋ ಕಣ್ಣು ಬಿದ್ದಿದೆ" ಅಂತ ದೃಷ್ಟಿ ತೆಗೆದು ಸುಮ್ಮನಾಗುತ್ತೇವೆ. ಹೆಸರಿಲ್ಲದ ನಷ್ಟಕ್ಕೆ ಲೆಕ್ಕವೂ ಇರುವುದಿಲ್ಲ. ಲೆಕ್ಕವಿಲ್ಲದ ನಷ್ಟಕ್ಕೆ ಹಾಲಿನ ಬೆಲೆಯಲ್ಲಿ ಜಾಗ ಸಿಗುವುದಿಲ್ಲ. ಹಾಗಾಗಿ ಪೂರ್ತಿ ಹೊರೆ ರೈತನ ತಲೆ ಮೇಲೆ. ಇದು ದನದ ಡಾಕ್ಟರ ವಿಷಯ, ನಮಗೇಕೆ ಎಂದು ಇಷ್ಟು ದಿನ ಬಿಟ್ಟದ್ದು ಸಾಕು. ಇದು ಬೆಲೆಯ ವಿಷಯ, ಸಾಲದ ವಿಷಯ. ಚಳವಳಿಯ ಬೇಡಿಕೆ ಪಟ್ಟಿಯಲ್ಲಿ ಸೇರಬೇಕಾದ ವಿಷಯ.

ರಕ್ತ ಹೋಗುವ ದಾರಿ

ಮೊದಲು ಕುರಿಯ ಲೆಕ್ಕ ನೋಡೋಣ. 30 ಕೆ.ಜಿ. ತೂಗುವ ಕುರಿಯ ಮೈಯಲ್ಲಿ ಇರೋದು ಸುಮಾರು ಎರಡು ಲೀಟರ್ ರಕ್ತ. ಅದರ ನಾಲ್ಕನೆಯ ಹೊಟ್ಟೆಯಲ್ಲಿ ಹೀಮಾಂಕಸ್ ಎಂಬ ಹುಳು ಮನೆ ಮಾಡುತ್ತದೆ. ಕೂದಲೆಳೆಗಿಂತ ಸ್ವಲ್ಪ ದಪ್ಪ, ಒಂದು ಅಂಗುಲ ಉದ್ದ. ಒಂದೊಂದು ಹುಳು ದಿನಕ್ಕೆ ಕುಡಿಯುವುದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗ ಅಷ್ಟೆ. ಅಷ್ಟೇ ತಾನೇ ಅನ್ನಬೇಡಿ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. ಹತ್ತು ದಿನಕ್ಕೆ ಅರ್ಧ ಲೀಟರ್, ಅಂದರೆ ಮೈಯಲ್ಲಿರುವ ರಕ್ತದ ಕಾಲು ಪಾಲು. ಅಂಥ 50 ಕುರಿ ಇರುವ ರೊಪ್ಪದಿಂದ ದಿನಕ್ಕೆ ಎರಡೂವರೆ ಲೀಟರ್ ರಕ್ತ ಹೋಗುತ್ತದೆ. ದಿನವೂ ಕರೆದು ಕೊಡುತ್ತಿದ್ದೇವೆ, ಈ ಡೈರಿಯಲ್ಲಿ ಬಟವಾಡೆ ಇಲ್ಲ.

ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ಹುಲ್ಲಿನ ಮೇಲೆ ಬೀಳುತ್ತವೆ. ಮಳೆ ಬಿದ್ದು ನೆಲ ಬೆಚ್ಚಗೆ ಒದ್ದೆಯಾಗಿದ್ದರೆ ಒಂದು ವಾರದಲ್ಲಿ ಮರಿಹುಳುಗಳು ಹುಲ್ಲಿನ ತುದಿಗೆ ಹತ್ತಿ ಕೂರುತ್ತವೆ. ಮುಂಗಾರು ಹಸಿರು ಕಂಡು ಕುರಿಗಾಹಿ ಖುಷಿಪಡುವ ಹೊತ್ತಿಗೇ ಹುಳುವಿನ ಸುಗ್ಗಿಯೂ ಶುರು.

ಹಸುವಿಗೆ ದೊಡ್ಡ ಶತ್ರು ಉಣ್ಣೆ. ಒಂದು ಹೆಣ್ಣು ಉಣ್ಣೆ ಹೊಟ್ಟೆ ಬಿರಿಯುವಷ್ಟು ಕುಡಿದು ಕೆಳಗೆ ಬೀಳುವ ಹೊತ್ತಿಗೆ ಸುಮಾರು ಅರ್ಧ ಮಿಲಿಲೀಟರ್ ರಕ್ತ ಹೋಗಿರುತ್ತದೆ. ನೂರಾರು ಉಣ್ಣೆ ಹತ್ತಿದ ಹಸು ಅದರಿಂದಲೇ ಬಿಳಿಚುತ್ತದೆ. ಆದರೆ ಉಣ್ಣೆ ತೆಗೆದುಕೊಂಡು ಹೋಗುವುದಕ್ಕಿಂತ ಬಿಟ್ಟು ಹೋಗುವುದೇ ಹೆಚ್ಚು ಅಪಾಯ. ಅದು ಕಚ್ಚುವಾಗ ಥೈಲೇರಿಯಾ, ಬೆಬೀಸಿಯಾ, ಅನಾಪ್ಲಾಸ್ಮಾ ಎಂಬ ರೋಗಾಣುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಕೆಂಪುಕಣಗಳ ಒಳಗೇ ಹೊಕ್ಕು ಅವನ್ನು ಹಾಳುಮಾಡುತ್ತವೆ. ಥೈಲೇರಿಯಾದಲ್ಲಿ ಮೊದಲು ಹೆಗಲ ಮುಂದಿನ ಗಡ್ಡೆ ಊದುತ್ತದೆ, ವಿಪರೀತ ಜ್ವರ ಬರುತ್ತದೆ, ಆಮೇಲೆ ಕಣ್ಣು ಬಿಳಿಚುತ್ತದೆ ಇಲ್ಲವೇ ಹಳದಿಯಾಗುತ್ತದೆ. ಬೆಬೀಸಿಯಾದಲ್ಲಿ ಒಡೆದ ಕಣಗಳ ಬಣ್ಣ ಗಂಜಳದಲ್ಲಿ ಇಳಿದು ಕಾಫಿ ಡಿಕಾಕ್ಷನ್ನಿನ ಹಾಗೆ ಕಾಣುತ್ತದೆ. ಅನಾಪ್ಲಾಸ್ಮಾದಲ್ಲಿ ಗಂಜಳ ಕೆಂಪಾಗುವುದಿಲ್ಲ, ಹಸು ಸದ್ದಿಲ್ಲದೆ ಸೊರಗುತ್ತದೆ.

ಮೂರನೆಯದು ಕೆರೆಯಂಗಳದಿಂದ ಬರುವ ಚಪ್ಪಟೆ ಹುಳು, ಲಿವರ್ ಫ್ಲೂಕ್ ಅನ್ನುತ್ತಾರಲ್ಲ ಅದು. ನೀರಿನ ಬಸವನಹುಳುವಿನ ಮೈಯಲ್ಲಿ ಬೆಳೆದು, ದಡದ ಹುಲ್ಲಿಗೆ ಅಂಟಿ, ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗಿ, ಯಕೃತ್ತನ್ನು ಕೊರೆದು ಪಿತ್ತನಾಳದಲ್ಲಿ ಕೂತು ರಕ್ತ ಹೀರುತ್ತದೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮತ್ತು ನಗರ ಜಿಲ್ಲೆಗಳ 65 ಕೆರೆಗಳಿಗೆ ಹರಿಸುವ ಯೋಜನೆ ಬಂತು. ಬತ್ತಿದ ಕೆರೆ ತುಂಬಿದರೆ ಬೇಡ ಅನ್ನುವ ರೈತ ಇಲ್ಲ. ಆದರೆ ವರ್ಷವಿಡೀ ನೀರು ನಿಂತ ಕಡೆ ಬಸವನಹುಳುವೂ ವರ್ಷವಿಡೀ ಬದುಕಬಲ್ಲದು. ನೀರು ಬಿಟ್ಟ ಸರಕಾರವೇ ಆ ಕೆರೆಗಳ ದಡದ ಹುಲ್ಲು ತಿನ್ನುವ ದನಗಳ ಸಗಣಿಯನ್ನೂ ಪರೀಕ್ಷೆ ಮಾಡಿಸಬೇಡವೇ?

ಇವೆಲ್ಲದರ ಮೇಲೆ ಮೇವಿನ ಕೊರತೆ. ರಕ್ತ ಹುಟ್ಟಬೇಕಾದರೆ ಸಾರಾಂಶ ಬೇಕು, ಕಬ್ಬಿಣ, ತಾಮ್ರ, ಕೋಬಾಲ್ಟ್ ಬೇಕು. ಬರಿಯ ಒಣ ರಾಗಿಹುಲ್ಲಿನಲ್ಲಿ ಅದೆಲ್ಲ ಸಾಕಾಗುವಷ್ಟು ಸಿಗುವುದಿಲ್ಲ. ಹಿಂಡಿ ಕೊಳ್ಳೋಣ ಅಂದರೆ ಅದರ ಬೆಲೆ ಕೇಳಿ ಬಂದವರು ಗೊತ್ತಿದ್ದೇ ಹೇಳುತ್ತಾರೆ: ಹಾಲಿನ ದುಡ್ಡು ಹಿಂಡಿಯ ಅಂಗಡಿ ದಾಟಿ ಮನೆಗೆ ಬರುವುದು ಕಷ್ಟ.

ಕಂತಿನ ಲೆಕ್ಕ

ಈಗ ಒಂದು ಹಸುವಿನ ಲೆಕ್ಕ ಹಾಕಿ. ದಿನಕ್ಕೆ 12 ಲೀಟರ್ ಕೊಡುತ್ತಿದ್ದ ಸೀಮೆಹಸು ರಕ್ತ ಕಮ್ಮಿಯಾಗಿ 8 ಲೀಟರಿಗೆ ಇಳಿಯಿತು ಅನ್ನಿ. ಲೀಟರಿಗೆ 35 ರೂಪಾಯಿ ಹಿಡಿದರೂ ದಿನಕ್ಕೆ 140 ರೂಪಾಯಿ ಹೋಯಿತು. ತಿಂಗಳಿಗೆ 4,200. ಆ ಹಸುವನ್ನು 80,000 ರೂಪಾಯಿ ಸಾಲ ಮಾಡಿ ತಂದಿದ್ದೀರಿ, 36 ಕಂತು ಅನ್ನಿ. ಅಸಲಿನ ಕಂತೇ ತಿಂಗಳಿಗೆ 2,222 ರೂಪಾಯಿ, ಬಡ್ಡಿ ಬೇರೆ. ಅಂದರೆ ಹಸುವಿನ ಮೈಯಲ್ಲಿರುವ ಹುಳುವೋ ಉಣ್ಣೆಯೋ ಅಸಲಿನ ಕಂತಿನ ಹತ್ತಿರ ಹತ್ತಿರ ಎರಡು ಪಾಲು ದುಡ್ಡನ್ನು ತಿಂಗಳು ತಿಂಗಳೂ ತಿನ್ನುತ್ತಿದೆ. ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು "ಹಾಲು ಮಾರ್ತೀರಲ್ಲ, ಕಂತು ಯಾಕೆ ಕಟ್ಟಿಲ್ಲ?" ಅಂತ ಕೇಳುತ್ತಾರೆ. ಉತ್ತರ ಕೊಟ್ಟಿಗೆಯಲ್ಲಿ ನಿಂತಿದೆ. ಅದಕ್ಕೆ ಬಾಯಿಲ್ಲ.

ಇದು ಹಾಲಿನ ನಷ್ಟ ಮಾತ್ರ. ರಕ್ತ ಕಮ್ಮಿಯಾದ ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ. ಒಂದು ಬೆದೆ ತಪ್ಪಿದರೆ ಇನ್ನು 21 ದಿನ ಕಾಯಬೇಕು. ಅಷ್ಟೂ ದಿನ ಮೇವು, ಹಿಂಡಿ, ಆಳಿನ ಖರ್ಚು ನಡೆಯುತ್ತಲೇ ಇರುತ್ತದೆ. ಗಬ್ಬದ ಹಸು ಕಂದು ಹಾಕಬಹುದು. ಹುಟ್ಟಿದ ಕರು ಬಡಕಲಾಗಿರುತ್ತದೆ, ಎರಡು ವರ್ಷಕ್ಕೆ ಆಗಬೇಕಾದ ಕಡಸು ಮೂರು ವರ್ಷಕ್ಕೂ ಆಗುವುದಿಲ್ಲ. ಸಂತೆಗೆ ಹೊಡೆದುಕೊಂಡು ಹೋದರೆ ದಲ್ಲಾಳಿ ಟವಲಿನ ಕೆಳಗೆ ಬೆರಳು ಮಡಿಸಿ ಅರ್ಧ ಬೆಲೆ ಹೇಳುತ್ತಾನೆ. ಅವನಿಗೆ ಹಸುವಿನ ಕಣ್ಣು ನೋಡುವುದು ಚೆನ್ನಾಗಿ ಗೊತ್ತು.

ವಿಮೆ ಇದೆಯಲ್ಲ ಅನ್ನುತ್ತಾರೆ. ವಿಮೆ ಕೊಡುವುದು ಹಸು ಸತ್ತರೆ. ಸೊರಗಿದರೆ ಇಲ್ಲ. ರಾಜ್ಯ ಸರಕಾರದ ಅನುಗ್ರಹ ಯೋಜನೆಯಲ್ಲಿ ಸತ್ತ ದನಕ್ಕೆ 10,000 ಇದ್ದ ಪರಿಹಾರವನ್ನು 15,000ಕ್ಕೂ, ಕುರಿ ಮೇಕೆಗೆ 5,000 ಇದ್ದುದನ್ನು 7,500ಕ್ಕೂ ಏರಿಸುವುದಾಗಿ 2025–26ರ ಬಜೆಟ್ಟಿನಲ್ಲಿ ಹೇಳಿದರು. ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಈ ವ್ಯವಸ್ಥೆಯ ತಮಾಷೆ ನೋಡಿ. ಹಸು ಬದುಕಿರುವಾಗ ಒಂದು ಹನಿ ರಕ್ತ ನೋಡಲು ಖರ್ಚು ಮಾಡದ ಸರಕಾರ, ಸತ್ತ ಮೇಲೆ ಕೊಯ್ದು ನೋಡಿ ಸಾವಿರಗಟ್ಟಲೆ ಕೊಡುತ್ತದೆ. ಕುರಿ ಬದುಕಲಿ ಅಂತ ಕೊಡುವ ದುಡ್ಡಿಗೆ ತಲೆಬರಹ ಯಾಕಿಲ್ಲ?

ಸೀಮೆಹಸು ತಂದವರು ಯಾರು?

ನಾಟಿ ಹಸುವಿಗೆ ಉಣ್ಣೆ ಹತ್ತುವುದಿಲ್ಲ ಅಂತಲ್ಲ. ಆದರೆ ತಲೆತಲಾಂತರದಿಂದ ಈ ನೆಲದ ಉಣ್ಣೆಯ ಜೊತೆ ಬಾಳಿದ ತಳಿ ಅದು. ಥೈಲೇರಿಯಾ ತಗುಲಿದರೂ ಹೆಚ್ಚಾಗಿ ತಡೆದುಕೊಳ್ಳುತ್ತದೆ. ಹೋಲ್‌ಸ್ಟೀನ್, ಜರ್ಸಿ ರಕ್ತ ಬೆರೆತ ಹಸುವಿಗೆ ಆ ತಾಳಿಕೆ ಇಲ್ಲ. ಅದಕ್ಕೆ ಅದು ಪ್ರಾಣಾಂತಿಕ. ಇದು ಪಶುವೈದ್ಯ ಶಾಸ್ತ್ರ ಮೊದಲಿಂದಲೂ ಬಲ್ಲ ಸಂಗತಿ.

ಹಾಗಾದರೆ ಸೀಮೆಹಸುವನ್ನು ನಮ್ಮ ಕೊಟ್ಟಿಗೆಗೆ ತಂದವರು ಯಾರು? ನಾವೇನು ಡೆನ್ಮಾರ್ಕಿಗೆ ಹೋಗಿ ಹಗ್ಗ ಹಿಡಿದು ತಂದೆವೆ? ನಮ್ಮ ಯಲಹಂಕ ಸೀಮೆಯ ಹೆಸರಘಟ್ಟದಲ್ಲೇ 1960ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ತಳಿ ಕೆಲಸ ಶುರುವಾಯಿತು. 1969ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಸಂಸ್ಥೆಯೂ ಅಲ್ಲೇ ಬಂತು. 1974ರಲ್ಲಿ ವಿಶ್ವಬ್ಯಾಂಕಿನ ಸಾಲದ ಬಲದ ಮೇಲೆ ಡೈರಿ ಅಭಿವೃದ್ಧಿ ನಿಗಮ ಹುಟ್ಟಿತು, 1984ರಲ್ಲಿ ಅದೇ ಹಾಲು ಮಹಾಮಂಡಳವಾಯಿತು. ಸಂಘ ಮಾಡಿ ಅಂದರು, ಮಾಡಿದೆವು. ಮಿಶ್ರತಳಿ ಸಾಕಿ ಅಂದರು, ಸಾಕಿದೆವು. ಸಾಲ ಮಾಡಿ ಅಂದರು, ಮಾಡಿದೆವು. ಬೆಂಗಳೂರಿನ ಮನೆಮನೆಗೆ ಬೆಳಗಾಗುವಷ್ಟರಲ್ಲಿ ಪ್ಯಾಕೆಟ್ ಹಾಲು ಸಿಗುವ ಹಾಗಾಯಿತು. ರೈತನಿಗೂ ವಾರ ವಾರ ಕೈಗೆ ಕಾಸು ಕಾಣಿಸಿತು, ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಳಿಯನ್ನು ಕೊಟ್ಟವರು ಆ ತಳಿಗೆ ಬೇಕಾದ ರಕ್ಷಣೆಯನ್ನು ಅದರ ಜೊತೆಗೇ ಕೊಡಲಿಲ್ಲ. ಲಾಭ ನಗರಕ್ಕೆ, ಗೊಡ್ಡು ಹಸುವಿನ ಸಾಲ ಹಳ್ಳಿಗೆ.

ಥೈಲೇರಿಯಾಕ್ಕೆ ಲಸಿಕೆ ನಮ್ಮ ದೇಶದಲ್ಲೇ ತಯಾರಾಗಿದೆ. ಅದನ್ನು ಇಡಬೇಕಾದದ್ದು ದ್ರವ ಸಾರಜನಕದಲ್ಲಿ. ದ್ರವ ಸಾರಜನಕದ ಕ್ಯಾನು ನಮಗೆ ಹೊಸದೇ? ಹಸುವಿಗೆ ಇಂಜೆಕ್ಷನ್ ಕೊಡಿಸುವಾಗ ವೀರ್ಯದ ಕಡ್ಡಿ ಹೊರಬರುವುದೇ ಆ ಕ್ಯಾನಿನಿಂದ. ವೀರ್ಯ ಹಳ್ಳಿ ಮುಟ್ಟುವ ದಾರಿಯಲ್ಲಿ ಲಸಿಕೆ ಹಳ್ಳಿ ಮುಟ್ಟಲಾರದು ಅಂದರೆ ಯಾರು ನಂಬುತ್ತಾರೆ? 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರಕ್ಕೂ ಕಂದುರೋಗಕ್ಕೂ ಸರಕಾರವೇ ದುಡ್ಡು ಹಾಕಿ ಲಸಿಕೆ ಹಾಕಿಸಿತು. ಥೈಲೇರಿಯಾ ಆ ಪಟ್ಟಿಯಲ್ಲಿ ಸೇರಲಿಲ್ಲ. ಕಾಲುಬಾಯಿ ಬಂದರೆ ಹಾಲಿನ ಪದಾರ್ಥ, ಮಾಂಸ ಪರದೇಶಕ್ಕೆ ಹೋಗುವುದಕ್ಕೆ ಅಡ್ಡಿಯಾಗುತ್ತದೆ. ರಕ್ತಹೀನತೆಯಿಂದ ನಿಲ್ಲುವುದು ರೈತನ ಮನೆಯ ಒಲೆ. ಯಾವುದಕ್ಕೆ ದಿಲ್ಲಿಯ ಕಿವಿ ಕೇಳಿಸುತ್ತದೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ದೀಪದ ಕೆಳಗೇ ಕತ್ತಲು

ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳದಿಂದ ಯಲಹಂಕಕ್ಕೆ ಹೋಗಿ ನೋಡಿ. ದನ ಕುರಿಗಳ ವಿದ್ಯೆ ಇಷ್ಟು ಒತ್ತೊತ್ತಾಗಿ ಇರುವ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಹೆಬ್ಬಾಳದಲ್ಲಿ 1958ರ ಪಶುವೈದ್ಯ ಕಾಲೇಜು ಇದೆ. 1925ರಲ್ಲಿ ಮೈಸೂರು ಸೀರಂ ಇನ್ಸ್‌ಟಿಟ್ಯೂಟ್ ಅಂತ ಶುರುವಾಗಿ, ಇವತ್ತು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅನ್ನಿಸಿಕೊಂಡ ಲಸಿಕೆ ಕಾರ್ಖಾನೆ ಇದೆ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಅಲ್ಲೇ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ನಿವೇದಿ ಎಂಬ ಕೇಂದ್ರ ಸರಕಾರದ ಸಂಸ್ಥೆ ಇದೆ. ಇಡೀ ದೇಶದಲ್ಲಿ ಮುಂದಿನ ದಿನಗಳಲ್ಲಿ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರಬಹುದು ಅಂತ ಲೆಕ್ಕ ಹಾಕಿ ಮುನ್ಸೂಚನೆ ಕೊಡುವುದು ಅದರ ಕೆಲಸ. ಆ ಪಟ್ಟಿಯಲ್ಲಿ ಥೈಲೇರಿಯಾ, ಬೆಬೀಸಿಯಾ, ಲಿವರ್ ಫ್ಲೂಕ್ ಮೂರೂ ಇವೆ.

ವಿಜ್ಞಾನಿಗಳನ್ನು ದೂರುವ ಉದ್ದೇಶ ನಮಗಿಲ್ಲ. ಅವರ ಕೆಲಸ ಅವರು ಮಾಡಿದ್ದಾರೆ. ಮುನ್ಸೂಚನೆ ತಯಾರಾಗುತ್ತದೆ, ಇಲಾಖೆಗೆ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಆಮೇಲಿನದು. ಕಾಕೋಳಿನಲ್ಲೋ ಬಾಗಲೂರಿನಲ್ಲೋ ಹಾಲು ಹಾಕಲು ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಗಳಿಗೆ, "ಅಮ್ಮಾ, ಈ ತಿಂಗಳು ನಮ್ಮ ಕಡೆ ಉಣ್ಣೆ ಜ್ವರದ ಭಯ ಇದೆ, ಹಸುವಿನ ಕಣ್ಣು ನೋಡು" ಅಂತ ಹೇಳುವವರು ಯಾರು? ಡೈರಿಯ ಗೋಡೆಯ ಮೇಲೆ ಫ್ಯಾಟಿನ ದರದ ಬೋರ್ಡಿಗೆ ಜಾಗವಿದೆ. ಅದರ ಪಕ್ಕದಲ್ಲಿ ಈ ನಾಲ್ಕು ಸಾಲಿಗೆ ಜಾಗವಿಲ್ಲವೇ?

ಸರಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಇದೇ ಹೆಬ್ಬಾಳ ಸಾಕ್ಷಿ. ನಮ್ಮ ಹಿರಿಯರು ದೊಡ್ಡರೋಗ ಅಂತ ನಡುಗುತ್ತಿದ್ದ ರಿಂಡರ್‌ಪೆಸ್ಟ್ ಒಂದು ಸಲ ಊರಿಗೆ ಬಂದರೆ ಕೊಟ್ಟಿಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ಅದನ್ನು ತಡೆಯಲೆಂದೇ 1925ರಲ್ಲಿ ಇಲ್ಲಿ ಸೀರಂ ತಯಾರಿಕೆ ಶುರುವಾದದ್ದು. ಆಮೇಲೆ ದೇಶದ ತುಂಬ ಲಸಿಕೆ ಹಾಕಿದರು, ರೈತನಿಂದ ಬಿಲ್ಲು ಕೇಳಲಿಲ್ಲ. 2006ರಲ್ಲಿ ಭಾರತ ಆ ರೋಗದಿಂದ ಮುಕ್ತ ಅನ್ನಿಸಿಕೊಂಡಿತು, 2011ರಲ್ಲಿ ಜಗತ್ತೇ ಮುಕ್ತವಾಯಿತು. ಉಣ್ಣೆಯನ್ನು, ಹುಳುವನ್ನು ಹಾಗೆ ಬೇರುಸಹಿತ ಕಿತ್ತುಹಾಕಲು ಆಗುವುದಿಲ್ಲ, ನಿಜ. ಆದರೆ ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಬಹಳಷ್ಟು ನಷ್ಟ ಬಾರದಂತೆ ನೋಡಿಕೊಳ್ಳಬಹುದು.

ಒಂದು ಹನಿ ರಕ್ತ

ಗುರುತಿಸಲು ಏನು ಬೇಕು? ಕಿವಿಯ ತುದಿಯ ಒಂದು ಹನಿ ರಕ್ತ, ಒಂದು ಗಾಜಿನ ಚೂರು, ಸ್ವಲ್ಪ ಬಣ್ಣ, ಒಂದು ಸೂಕ್ಷ್ಮದರ್ಶಕ. ಥೈಲೇರಿಯಾವೋ ಬೆಬೀಸಿಯಾವೋ ಅನಾಪ್ಲಾಸ್ಮಾವೋ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಹನಿಯನ್ನು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ ಯಂತ್ರದಲ್ಲಿ ಐದು ನಿಮಿಷ ತಿರುಗಿಸಿದರೆ ನೂರು ಪಾಲು ರಕ್ತದಲ್ಲಿ ಕೆಂಪುಕಣ ಎಷ್ಟು ಪಾಲು ಅಂತ ತಿಳಿಯುತ್ತದೆ. ಹಸುವಿಗೆ ಅದು 24ಕ್ಕಿಂತ ಕೆಳಗಿಳಿಯಬಾರದು. ಸಗಣಿಯ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಕಾಣುತ್ತದೆ. ಇದಕ್ಕೆಲ್ಲ ವಿಮಾನದಲ್ಲಿ ತರಿಸುವ ಯಂತ್ರ ಬೇಡ.

ಈ ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ? ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಔಷಧಿ. ಥೈಲೇರಿಯಾಕ್ಕೆ ಬುಪರ್ವಾಕ್ವೋನ್ ಬೇಕು, ಅದು ದುಬಾರಿ. ಬೆಬೀಸಿಯಾಕ್ಕೆ ಡೈಮಿನಜೀನ್ ಬೇಕು. ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಬೇಕು. ಲಿವರ್ ಫ್ಲೂಕಿಗೆ ಮಾಮೂಲಿ ಜಂತುಹುಳದ ಔಷಧಿಗಳೆಲ್ಲ ನಾಟುವುದಿಲ್ಲ. ಯಾವುದು ಅಂತ ತಿಳಿಯದೆ ಒಂದಾದ ಮೇಲೊಂದು ಹಾಕುತ್ತಾ ಹೋದರೆ ರೈತನ ಜೇಬೂ ಖಾಲಿ, ಹಸುವೂ ಖಾಲಿ. ಕೊನೆಗೆ ಔಷಧಿ ಅಂಗಡಿಯವನು ಬಣ್ಣದ ಟಾನಿಕ್ ಬಾಟಲಿ, ಕಬ್ಬಿಣದ ಇಂಜೆಕ್ಷನ್ ಕೊಟ್ಟು ಕಳಿಸುತ್ತಾನೆ. ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ ಅದು. ಒಳಗೆ ಹುಳು ಕುಡಿಯುತ್ತಿರುವಾಗ ಮೇಲಿಂದ ಟಾನಿಕ್ ಹುಯ್ದರೆ ಯಾರಿಗೆ ಪುಷ್ಟಿ?

ಅವರ ಮಾತು, ನಮ್ಮ ಉತ್ತರ

"ರೈತರು ಕೊಟ್ಟಿಗೆ ಚೊಕ್ಕಟ ಇಟ್ಟುಕೊಳ್ಳೋಲ್ಲ, ಅದಕ್ಕೇ ಉಣ್ಣೆ" ಅನ್ನುವ ಅಧಿಕಾರಿಗಳಿದ್ದಾರೆ. ಕೇಳಿ ಸ್ವಾಮಿ, ಕೊಟ್ಟಿಗೆಗೆ ಗಾರೆ ನೆಲ, ಬಿರುಕಿಲ್ಲದ ಗೋಡೆ ಬೇಡ ಅಂದವರು ಯಾರು? ಅದರ ಖರ್ಚು ಹಾಲಿನ ಬೆಲೆಯಲ್ಲಿ ಸೇರಿದೆಯೇ? ಹುಲ್ಲುಗಾವಲು ಇದ್ದಾಗ ದನ ಹಂಚಿಹೋಗಿ ಮೇಯುತ್ತಿದ್ದವು. ಗೋಮಾಳ ಬಡಾವಣೆಯಾಯಿತು, ರಸ್ತೆಯಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಭಾಗದ ಭೂಮಿಯ ಗತಿ ಏನಾಯಿತು ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಉಳಿದ ತುಂಡು ಹಸಿರಿನಲ್ಲಿ, ಕೆರೆಯಂಗಳದಲ್ಲಿ ಎಲ್ಲರ ದನ, ಎಲ್ಲರ ಕುರಿ ಒಟ್ಟೊಟ್ಟಿಗೆ ಮೇದರೆ ಒಂದರ ಹುಳು ಇನ್ನೊಂದಕ್ಕೆ ದಾಟದೆ ಇರುತ್ತದೆಯೇ?

"ಎಲ್ಲ ಪುಕ್ಕಟೆ ಕೊಟ್ಟರೆ ಖಜಾನೆ ಏನಾಗಬೇಕು?" ಅನ್ನುವವರಿಗೆ ಒಂದೇ ಮಾತು. 2016ರಲ್ಲಿ ಹಾಲಿನ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿಗೆ ಏರಿತು. ಹುಳು, ಉಣ್ಣೆ ತಿಂದು ದಿನಕ್ಕೆ ನಾಲ್ಕು ಲೀಟರ್ ಕಮ್ಮಿ ಕರೆಯುವ ಹಸುವಿನ ರೈತನಿಗೆ ಆ ನಾಲ್ಕು ಲೀಟರಿನ ಪ್ರೋತ್ಸಾಹಧನವೂ ಹೋಯಿತು, ಹಾಲಿನ ದುಡ್ಡೂ ಹೋಯಿತು. ಹಸುವಿನಲ್ಲಿ ರಕ್ತ ಉಳಿಸುವ ದುಡ್ಡು ದಾನವಲ್ಲ. ಹಾಲು ಹುಟ್ಟುವ ಜಾಗಕ್ಕೆ ಹಾಕುವ ಬಂಡವಾಳ ಅದು.

"2025ರ ಏಪ್ರಿಲ್‌ನಲ್ಲಿ ಹಾಲಿನ ದರ 4 ರೂಪಾಯಿ ಏರಿಸಿದೆವಲ್ಲ" ಅನ್ನುತ್ತಾರೆ. ಏರಿಸಿದಿರಿ. ಆದರೆ ಹಾಲು ಹುಟ್ಟಿಸುವ ಖರ್ಚು ಇಷ್ಟು, ಅದರಲ್ಲಿ ದನದ ಆರೋಗ್ಯದ ಪಾಲು ಇಷ್ಟು ಅಂತ ಲೆಕ್ಕ ಮುಂದಿಟ್ಟು ಏರಿಸಿದಿರಾ? ಭತ್ತ, ರಾಗಿ, ತೊಗರಿ ಸೇರಿ 22 ಬೆಳೆಗೆ ಕೇಂದ್ರ ಸರಕಾರ ಬೆಂಬಲ ಬೆಲೆ ಹೇಳುತ್ತದೆ. ಅದು ಕೈಗೆ ಸಿಗುವುದು ಬಿಡುವುದು ಬೇರೆ ಮಾತು, ಲೆಕ್ಕವಾದರೂ ಇದೆ. ಹಾಲಿಗೆ ಆ ಲೆಕ್ಕವೂ ಇಲ್ಲ. ಕಾರು ಮಾಡುವವನು ರಿಪೇರಿಯ ಖರ್ಚನ್ನೂ ಸೇರಿಸಿ ಬೆಲೆ ಕಟ್ಟುತ್ತಾನೆ. ಹಾಲು ಮಾಡುವವನು ಮಾತ್ರ ಹಸುವಿನ ರಿಪೇರಿಗೆ ಹೆಂಡತಿಯ ಓಲೆ ಅಡವಿಡಬೇಕೇ?

ನಮ್ಮ ಬೇಡಿಕೆ

ಒಂದು: ಪ್ರತಿ ಹೋಬಳಿಯ ಪಶು ಆಸ್ಪತ್ರೆಯಲ್ಲಿ ರಕ್ತದ, ಸಗಣಿಯ ಪರೀಕ್ಷೆ ಪುಕ್ಕಟೆ ಆಗಬೇಕು. ಖಾಲಿ ಹುದ್ದೆಗಳಿಗೆ ಡಾಕ್ಟರೂ ಪರೀಕ್ಷೆ ಮಾಡುವವರೂ ಬರಬೇಕು. 1962ಕ್ಕೆ ಫೋನ್ ಮಾಡಿದರೆ ಬರುವ ಗಾಡಿಯಲ್ಲೂ ರಕ್ತ ನೋಡುವ ವ್ಯವಸ್ಥೆ ಇರಬೇಕು, ಇದ್ದರೆ ಅದನ್ನು ಬಳಸಬೇಕು.

ಎರಡು: ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆಯನ್ನು ಸರಕಾರವೇ ಹಾಕಿಸಬೇಕು. ತಳಿ ಕೊಟ್ಟವರದೇ ಆ ಹೊಣೆ.

ಮೂರು: ಸಾಲದಲ್ಲಿ ಹಸು ಕೊಡಿಸುವ ಮೊದಲು ಬ್ಯಾಂಕು ಅದರ ರಕ್ತ ಪರೀಕ್ಷೆ ಮಾಡಿಸಬೇಕು. ದೂರದಿಂದ ಲಾರಿಯಲ್ಲಿ ಬಂದ ಹಸುವಿನ ಮೈಯಲ್ಲಿ ಅಡಗಿರುವ ರೋಗ ಪ್ರಯಾಣದ ದಣಿವಿನಲ್ಲಿ, ಕರು ಹಾಕಿದ ಸುಸ್ತಿನಲ್ಲಿ ತಲೆಯೆತ್ತುತ್ತದೆ. ಕಿವಿಗೆ ಓಲೆ ಚುಚ್ಚಿ ನಂಬರು ಹಾಕಲು ಪುರಸತ್ತಿರುವವರಿಗೆ ಅದೇ ಕಿವಿಯಿಂದ ಒಂದು ಹನಿ ತೆಗೆಯಲು ಪುರಸತ್ತಿಲ್ಲವೇ?

ನಾಲ್ಕು: ರೋಗದಿಂದ ಹಾಲು ಇಳಿದದ್ದು ಪರೀಕ್ಷೆಯಲ್ಲಿ ಸಾಬೀತಾದರೆ ಅಷ್ಟು ತಿಂಗಳು ಕಂತು ಮುಂದಕ್ಕೆ ಹೋಗಬೇಕು, ಆ ಅವಧಿಗೆ ದಂಡಬಡ್ಡಿ ಕೂಡದು. ಬೆಳೆ ಹೋದರೆ ಸಾಲದ ಅವಧಿ ಬದಲಾಯಿಸುವ ಪದ್ಧತಿ ಇರುವಾಗ ಹಾಲು ಹೋದರೆ ಯಾಕಿಲ್ಲ? ವಿಮೆಯೂ ಸಾವಿಗೆ ಕಾಯದೆ ಚಿಕಿತ್ಸೆಯ ಖರ್ಚನ್ನು ಹೊರಬೇಕು.

ಐದು: ಯಲಹಂಕದಲ್ಲಿ ತಯಾರಾಗುವ ರೋಗ ಮುನ್ಸೂಚನೆ ತಿಂಗಳು ತಿಂಗಳೂ ಪ್ರತಿ ಹಾಲಿನ ಸಂಘದ ಬೋರ್ಡಿನ ಮೇಲೆ, ತಿಳಿಯುವ ಕನ್ನಡದಲ್ಲಿ ಬರಬೇಕು.

ಆರು: ಹಾಲಿನ ದರ ನಿಗದಿ ಮಾಡುವಾಗ ಮೇವು, ಆಳು, ಬಡ್ಡಿಯ ಜೊತೆಗೆ ಪಶು ಆರೋಗ್ಯದ ಖರ್ಚನ್ನೂ ಬಿಡಿಸಿ ತೋರಿಸಬೇಕು.

ನಮ್ಮ ಕೈಲಿರುವ ಕೆಲಸ

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ವಾರಕ್ಕೊಮ್ಮೆ ಬೆಳಕಿನಲ್ಲಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಮಲಾನ್ ಎಂಬ ಪಶುವೈದ್ಯರ ಹೆಸರಿನಲ್ಲಿ ಫಮಾಚಾ ಎಂಬ ಬಣ್ಣದ ಕಾರ್ಡು ಬಂದಿದೆ. ಕುರಿ ಮೇಕೆಗಳ ರೆಪ್ಪೆಯ ಬಣ್ಣವನ್ನು ಕಡುಗೆಂಪಿನಿಂದ ಬಿಳುಪಿನವರೆಗೆ ಐದು ದರ್ಜೆಯಾಗಿ ಅದರಲ್ಲಿ ತೋರಿಸಿದೆ. ಒಂದು, ಎರಡನೆಯ ದರ್ಜೆಗೆ ಹುಳುವಿನ ಔಷಧಿ ಬೇಡ. ನಾಲ್ಕು, ಐದಕ್ಕೆ ತಡಮಾಡದೆ ಹಾಕಲೇಬೇಕು. ಮೂರನೆಯದನ್ನು ಅನುಮಾನದ ದರ್ಜೆ ಅನ್ನಿ. ಮರಿಯೋ ಗಬ್ಬದ್ದೋ ಆಗಿದ್ದರೆ ಹಾಕುವುದೇ ಒಳ್ಳೆಯದು. ಅದನ್ನು ಓದುವ ಬಗೆಯನ್ನು ಡಾಕ್ಟರಿಂದ ಒಂದು ಸಲ ಕಲಿತುಕೊಂಡರೆ ಅಕ್ಷರ ಬಾರದ ಕುರಿಗಾಹಿಯೂ ಬಳಸಬಹುದು. ಕುರಿ ಮೇಕೆಯ ರಕ್ತ ಹೀರುವ ಹುಳುವಿಗೆ ಈ ಕಾರ್ಡು. ಹಸುವಿಗೆ ರೆಪ್ಪೆ ಬಿಳಿಚಿದರೆ ರಕ್ತ ಪರೀಕ್ಷೆಯೇ ಆಗಬೇಕು.

ಇಡೀ ಮಂದೆಗೆ ತಿಂಗಳಿಗೊಮ್ಮೆ ಒಂದೇ ಔಷಧಿಯನ್ನು ಗೊಟ್ಟ ಹಿಡಿದು ಕುಡಿಸುವ ರೂಢಿ ಬಿಡಿ. ಹಾಗೆ ಮಾಡಿದರೆ ಔಷಧಿಗೆ ಜಗ್ಗದ ಹುಳುಗಳಷ್ಟೇ ಉಳಿದು ಅವುಗಳದೇ ಸಂತಾನ ಬೆಳೆಯುತ್ತದೆ. ತೂಕ ಅಂದಾಜು ಮಾಡಿ ಸರಿಯಾದ ಪ್ರಮಾಣ ಕುಡಿಸಿ, ಅರ್ಧ ಡೋಸು ಕೊಟ್ಟು ಉಳಿಸುವ ಕಾಸು ಉಳಿತಾಯವಲ್ಲ. ಕೊಟ್ಟಿಗೆಯ ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ, ಉಣ್ಣೆ ಅಡಗುವುದೂ ಮೊಟ್ಟೆ ಇಡುವುದೂ ಅಲ್ಲೇ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಹಸುವಿನ ಮೈಗೆ ಬಳಿಯಬೇಡಿ. ಕೆರೆಯಂಚಿನ ಹುಲ್ಲನ್ನು ಕೊಯ್ದು ಚೆನ್ನಾಗಿ ಒಣಗಿಸಿ ಹಾಕಿ. ಜ್ವರ, ಕೆಂಪು ಗಂಜಳ, ಹೆಗಲ ಗಡ್ಡೆಯ ಊತ ಕಂಡರೆ ನಾಳೆ ಅನ್ನದೆ ಅವತ್ತೇ ಡಾಕ್ಟರಿಗೆ ತೋರಿಸಿ, ರಕ್ತ ನೋಡಿಸಿ ಅಂತ ಹಟ ಹಿಡಿಯಿರಿ.

ಒಂದು ಕೆಲಸವನ್ನು ಮಾತ್ರ ಎಲ್ಲರೂ ತಪ್ಪದೆ ಮಾಡಿ. ಈ ತಿಂಗಳಿಂದ ಮನೆಯಲ್ಲಿ ಒಂದು ನೋಟ್‌ಪುಸ್ತಕ ಇಟ್ಟು ಯಾವ ಹಸು ಯಾವ ದಿನ ಬಿಳಿಚಿತು, ಹಾಲು ಎಷ್ಟು ಇಳಿಯಿತು, ಔಷಧಿಗೆ ಎಷ್ಟು ಹೋಯಿತು, ಬೆದೆ ಎಷ್ಟು ತಪ್ಪಿತು ಅಂತ ಬರೆಯಿರಿ. ಬರೆಯಲು ಬಾರದಿದ್ದರೆ ಸ್ಕೂಲಿಗೆ ಹೋಗುವ ಮಗಳ ಕೈಲಿ ಬರೆಸಿ. ಹಾಲಿನ ಸಂಘದ ಮುಂದಿನ ಸಭೆಗೆ ಆ ಪುಸ್ತಕಗಳನ್ನು ತೆಗೆದುಕೊಂಡು ಬನ್ನಿ. ಒಬ್ಬನ ನಷ್ಟ ಹಣೆಬರಹ ಅನ್ನಿಸಿಕೊಳ್ಳುತ್ತದೆ, ನೂರು ಮನೆಯ ನಷ್ಟ ಒಂದೇ ಮೇಜಿನ ಮೇಲೆ ಬಂದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಒಕ್ಕೂಟದವರೂ ಬ್ಯಾಂಕಿನವರೂ ಇಲಾಖೆಯವರೂ ನಮ್ಮ ಲೆಕ್ಕ ಕೇಳಿ ಕೇಳಿ ಅಭ್ಯಾಸವಾದವರು. ಈ ಸಲ ನಾವು ಲೆಕ್ಕ ಒಪ್ಪಿಸಿ, ಬಾಕಿ ಎಷ್ಟು ಅಂತ ಅವರನ್ನು ಕೇಳೋಣ.